ವೀರಗಲ್ಲಿನ ನೆಲ, ಸಿಪಾಯಿಯ ಮನೆ

ಹೂವಿನಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ಹಳೆಯ ಊರುಗಳಲ್ಲಿ ತಿರುಗಾಡಿದವರಿಗೆ ವೀರಗಲ್ಲು ಅಪರೂಪದ ನೋಟವೇನಲ್ಲ. ಹನುಮಂತನ ಗುಡಿಯ ಪಕ್ಕದಲ್ಲಿ, ಕೆರೆಯ ಏರಿಯ ಮೇಲೆ, ಬಿದ್ದುಹೋದ ಅಗಸೆಯ ಬಳಿ ಅವು ನಿಂತಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನ ಪಟ್ಟಿಕೆಯಲ್ಲಿ ಮಡಿದ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ವೀರ: ಇದು ಸಾಮಾನ್ಯವಾಗಿ ಅವುಗಳ ವಿನ್ಯಾಸ. ಊರವರು ಕೆಲವಕ್ಕೆ ಎಣ್ಣೆ ಹಚ್ಚಿ ಕುಂಕುಮವಿಟ್ಟು ದೇವರೆಂದೇ ಪೂಜಿಸುತ್ತಾರೆ. ಇನ್ನು ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ.

ವೀರಗಲ್ಲುಗಳ ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಕಾಳಗದ ಕಥೆಯಲ್ಲೇ ಮೈಮರೆಯುತ್ತೇವೆ. ಯಾರ ಮೇಲೆ ಯಾರು ದಂಡೆತ್ತಿ ಬಂದರು, ತುರುಗಳನ್ನು ಹಿಂದಿರುಗಿಸಿ ತರಲು ಯಾರು ಕಾದಿ ಸತ್ತರು ಎಂಬುದರ ಮೇಲೆಯೇ ನಮ್ಮ ಗಮನ. ಆದರೆ ಬರಹವಿರುವ ಅನೇಕ ವೀರಗಲ್ಲುಗಳ ಕೊನೆಯ ಸಾಲುಗಳಲ್ಲಿ ಇನ್ನೊಂದು ವಿಷಯ ಅಡಗಿರುತ್ತದೆ. ಸತ್ತವನ ಮನೆಯವರಿಗೆ ಎಷ್ಟು ಮಣ್ಣು ಬಿಟ್ಟರು, ಯಾರು ಬಿಟ್ಟರು, ಅದನ್ನು ಕಿತ್ತುಕೊಂಡವನಿಗೆ ಯಾವ ಪಾಪ ತಟ್ಟುತ್ತದೆ ಎಂಬ ಲೆಕ್ಕ ಅದು. ಪ್ರಾಣ ಪಣಕ್ಕಿಟ್ಟು ದುಡಿದವನಿಗೆ ರಾಜ್ಯ ಏನು ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು ಎಂಬುದು ಸಾವಿರ ವರ್ಷಗಳ ಹಿಂದೆಯೂ ಆಡಳಿತದ ಮುಂದಿದ್ದ ಪ್ರಶ್ನೆ. ಇಂದು ಸೇನೆಯಿಂದ ನಿವೃತ್ತನಾಗಿ ಇಟ್ಟಿಗಿಯಂಥ ಊರಿಗೆ ಮರಳುವ ಸಿಪಾಯಿ ಸ್ವಂತದ್ದೊಂದು ಮನೆ ಕಟ್ಟಿಕೊಳ್ಳಲು ಹೊರಟಾಗ ಎದುರಾಗುವುದೂ ಇದೇ ಪ್ರಶ್ನೆ. ಅಂದಿನಿಂದ ಇಂದಿನವರೆಗೆ ಈ ಋಣ ತೀರಿಸುವ ಬಗೆ ಹೇಗೆ ಬದಲಾಯಿತು, ಆ ಬದಲಾವಣೆಯಲ್ಲಿ ಹಳ್ಳಿಯ ಸಿಪಾಯಿ ಎಲ್ಲಿ ಸಿಕ್ಕಿಕೊಂಡಿದ್ದಾನೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಕಲ್ನಾಡು, ನೆತ್ತರುಗೊಡಗೆ, ಬಾಳ್ಗಳ್ಚು

ಕನ್ನಡ ಶಾಸನಗಳಲ್ಲಿ ಯೋಧರಿಗೆ ಕೊಟ್ಟ ಭೂಮಿಗೆ ಒಂದಲ್ಲ, ಹಲವು ಹೆಸರುಗಳಿವೆ. ಮಡಿದ ವೀರನ ನೆನಪಿಗೆ ಕಲ್ಲು ನಿಲ್ಲಿಸಿ ಅದರೊಡನೆ ಬಿಟ್ಟ ನೆಲ 'ಕಲ್ನಾಡು'. ರಕ್ತ ಹರಿಸಿದ್ದಕ್ಕಾಗಿ ಅವನ ಮನೆತನಕ್ಕೆ ಕೊಟ್ಟದ್ದು 'ನೆತ್ತರುಗೊಡಗೆ'. ಮುಂದೆ ಇದನ್ನೇ 'ರಕ್ತಕೊಡಗೆ' ಎಂದೂ ಕರೆದಿದ್ದಾರೆ. ಕಾಳಗದಿಂದ ಬದುಕಿ ಬಂದವನ ಕತ್ತಿಯನ್ನು ತೊಳೆದು ಗೌರವಿಸಿ ಕೊಟ್ಟ ಭೂಮಿ 'ಬಾಳ್ಗಳ್ಚು'. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಹೀಗೆ ಸತ್ತವನಿಗೊಂದು, ಗೆದ್ದು ಬಂದವನಿಗೊಂದು ಎಂದು ಕೊಡುಗೆಗಳನ್ನು ಬೇರೆ ಬೇರೆಯಾಗಿ ಹೆಸರಿಸಿದ್ದನ್ನು ನೋಡಿದರೆ, ಇದು ಅರಸನ ಕ್ಷಣಿಕ ಔದಾರ್ಯವಾಗಿರದೆ ಆಡಳಿತದಲ್ಲಿ ಬೇರೂರಿದ ಪದ್ಧತಿಯಾಗಿತ್ತೆಂದು ತಿಳಿಯುತ್ತದೆ.

ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಎರಡು ಪ್ರಸಿದ್ಧ ಕಲ್ಲುಗಳು ಈ ಪದ್ಧತಿಗೆ ಒಳ್ಳೆಯ ಸಾಕ್ಷಿಗಳು. ಕ್ರಿ.ಶ. 900ರ ಆಸುಪಾಸಿನ ಬೇಗೂರಿನ ವೀರಗಲ್ಲು ಗಂಗ ಅರಸ ಎರೆಯಪ್ಪನ ಪರವಾಗಿ ತುಂಬೆಪಾಡಿಯಲ್ಲಿ ಹೋರಾಡಿ ಮಡಿದ ನಾಗತ್ತರನದು. ಅವನು ಸತ್ತ ಮೇಲೆ ಅರಸನು ಇರುಗನೆಂಬುವನಿಗೆ ನಾಗತ್ತರನ ಪಟ್ಟ ಕಟ್ಟಿ ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕೊಟ್ಟನು. ಎರಡನೆಯದು ಕ್ರಿ.ಶ. 949-50ರ ಆತಕೂರಿನ ಶಾಸನ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಜೊತೆ ನಿಂತು ಕಾದಿದ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಹಳ್ಳಿಯನ್ನೂ ಬಾಳ್ಗಳ್ಚಾಗಿ ಕೊಟ್ಟನು. ಬೆಳ್ವೊಲವೆಂದರೆ ಹಡಗಲಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಗದಗು, ಅಣ್ಣಿಗೇರಿಗಳ ಕಪ್ಪು ಮಣ್ಣಿನ ನಾಡು.

ಆತಕೂರಿನ ಕಲ್ಲು ಕಾಳಿ ಎಂಬ ನಾಯಿಯ ಕಾರಣದಿಂದ ಹೆಚ್ಚು ಹೆಸರಾಗಿದೆ. ಮೆಚ್ಚಿದ ಬೂತುಗ ಬೇಡಿಕೊಳ್ಳೆಂದಾಗ ಮಣಲೆರ ಕೇಳಿದ್ದು ಈ ನಾಯಿಯನ್ನು. ಹಂದಿಯೊಡನೆ ಹೋರಾಡಿ ನಾಯಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಪೂಜೆಗೆಂದು ನೆಲ ಬಿಡಲಾಯಿತು. ಪೂಜೆ ಮಾಡದೆ ಆ ನೆಲದ ಫಲವನ್ನು ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆಂದೂ ಶಾಸನ ಎಚ್ಚರಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕೊಡುಗೆಯ ಭದ್ರತೆ. ಯಾರಿಗೆ ಕೊಟ್ಟದ್ದು, ಯಾವುದಕ್ಕಾಗಿ ಕೊಟ್ಟದ್ದು ಎಂಬುದು ಕಲ್ಲಿನ ಮೇಲಿದೆ. ಆ ಕಲ್ಲು ಊರ ನಡುವೆ ಎಲ್ಲರ ಕಣ್ಣೆದುರಿಗಿದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ವೀರಗಲ್ಲು ಸ್ಮಾರಕವೂ ಹೌದು, ಹಕ್ಕುಪತ್ರವೂ ಹೌದು.

ಹಾಗೆಂದು ಅಂದಿನ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ತಪ್ಪಾದೀತು. ಹೆಸರೇ ಇಲ್ಲದ ವೀರಗಲ್ಲುಗಳು ಅಸಂಖ್ಯ. ಕಲ್ಲೂ ಇಲ್ಲದೆ ಮಡಿದ ಕಾಲಾಳುಗಳು ಅವರಿಗಿಂತಲೂ ಹೆಚ್ಚು. ಒಡೆಯನ ಕಣ್ಣಿಗೆ ಬಿದ್ದವನಿಗೆ ಹಳ್ಳಿ ದಕ್ಕಿತು. ಬೀಳದವನ ಹೆಂಡತಿ ಮಕ್ಕಳ ಗತಿ ಏನಾಯಿತೆಂದು ಯಾವ ಶಾಸನವೂ ಹೇಳುವುದಿಲ್ಲ.

ದಂಡನಾಯಕನ ಗುಡಿ, ಬಂಟನ ಮಾಳಿಗೆ

ಹಡಗಲಿ ತಾಲ್ಲೂಕಿನ ಇಟ್ಟಿಗಿಯ ಹೆಸರು ಹೇಳಿದೊಡನೆ ಹೊರಗಿನವರು ಕೆಲವೊಮ್ಮೆ ಕುಕನೂರು ಬಳಿಯ ಇಟಗಿಯನ್ನು ನೆನೆಯುವುದುಂಟು. ಎರಡೂ ಬೇರೆ ಊರುಗಳು. ಆ ಇಟಗಿಯ ಮಹಾದೇವ ದೇವಾಲಯವನ್ನು ಕ್ರಿ.ಶ. 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ದಂಡನಾಯಕನ ಸಂಪತ್ತು ಹೀಗೆ ಕಲ್ಲಿನ ಗುಡಿಯಾಗಿ ಉಳಿಯಿತು. ಅವನ ಕೈಕೆಳಗೆ ಕಾದಿದ ಸಾಮಾನ್ಯ ಬಂಟನ ಮನೆ ಮಾತ್ರ ಎಲ್ಲಿಯೂ ಉಳಿದಿಲ್ಲ. ಅದು ಉಳಿಯುವಂಥದ್ದೂ ಆಗಿರಲಿಲ್ಲ.

ಈ ಬಯಲು ಸೀಮೆಯ ಸಾಂಪ್ರದಾಯಿಕ ಮನೆಯೆಂದರೆ ಮಣ್ಣಿನ ಮಾಳಿಗೆ ಮನೆ. ದಪ್ಪನೆಯ ಗೋಡೆ, ಮರದ ತೊಲೆ, ಅದರ ಮೇಲೆ ಜಂತೆ, ಕಟ್ಟಿಗೆ, ಸೊಪ್ಪು ಹರಡಿ ಮೇಲೆ ಮಣ್ಣು ಮೆತ್ತಿದ ಚಪ್ಪಟೆ ಮಾಳಿಗೆ. ಮಣ್ಣು ಊರ ಕೆರೆಯದು, ಕಲ್ಲು ಗುಡ್ಡದ್ದು, ಮರ ಹೊಲದ ಬದುವಿನದು. ಮುಯ್ಯಾಳಿನ ಲೆಕ್ಕದಲ್ಲಿ ನೆರೆಹೊರೆಯವರೇ ಬಂದು ಕೈಜೋಡಿಸುತ್ತಿದ್ದರು. ಹಣ ಕೊಟ್ಟು ಕೊಳ್ಳಬೇಕಾದದ್ದು ಬಹಳ ಕಡಿಮೆ. ಆದ್ದರಿಂದಲೇ ಹಳೆಯ ಕೊಡುಗೆಗಳಲ್ಲಿ ಹೊಲ, ಗದ್ದೆ, ಹಳ್ಳಿಗಳ ಮಾತು ಬರುತ್ತದೆಯೇ ಹೊರತು ಮನೆಯ ವೆಚ್ಚದ ಮಾತು ಅಪರೂಪ. ಉಣ್ಣಲು ನೆಲ ಕೊಟ್ಟರೆ ಸಾಕು, ಇರಲು ಮನೆ ತಾನಾಗಿಯೇ ಏಳುತ್ತಿತ್ತು. ಮನೆಯೆಂಬುದು ಹಣ ಕೊಟ್ಟು ಕೊಳ್ಳುವ, ಸಾಲ ಮಾಡಿ ಕಟ್ಟುವ ಸರಕಾದದ್ದು ತೀರ ಈಚಿನ ಸಂಗತಿ.

ಪಾಳೆಯಗಾರರ ಕಾಲ

ವಿಜಯನಗರದ ಕಾಲಕ್ಕೆ ಈ ವ್ಯವಸ್ಥೆ ಇನ್ನಷ್ಟು ವ್ಯಾಪಕವಾಯಿತು. ನಾಯಕರಿಗೆ ಸೀಮೆಗಳನ್ನು ಅಮರಮಾಗಣಿಯಾಗಿ ವಹಿಸಿಕೊಟ್ಟು, ಪ್ರತಿಯಾಗಿ ಅವರು ಇಂತಿಷ್ಟು ಕಾಲಾಳು, ಕುದುರೆ, ಆನೆಗಳನ್ನು ಸಾಕಿ ಚಕ್ರವರ್ತಿಯ ಕರೆಗೆ ಸಿದ್ಧವಾಗಿರಬೇಕೆಂಬ ಕಟ್ಟಳೆ ನಾಯಂಕರ ಪದ್ಧತಿಯದು. 1565ರ ನಂತರ ಚಕ್ರವರ್ತಿಯ ಹಿಡಿತ ಸಡಿಲವಾಗಿ ಹರಪನಹಳ್ಳಿ, ಜರಿಮಲೆ, ಗುಡೇಕೋಟೆ ಮೊದಲಾದೆಡೆ ಪಾಳೆಯಗಾರರು ಬಲಗೊಂಡರು. ಅವರ ದಂಡಿನಲ್ಲಿ ಬೇಡ ಸಮುದಾಯದವರು ಬಹುಸಂಖ್ಯೆಯಲ್ಲಿದ್ದರು. ಸಂಬಳವೆಂದು ಪ್ರತಿ ತಿಂಗಳು ನಗದು ಕೊಡುವಷ್ಟು ಹಣ ಸಣ್ಣ ಪಾಳೆಯಪಟ್ಟುಗಳಲ್ಲಿ ಇರಲಿಲ್ಲ. ಬಂಟನಿಗೆ ಉಂಬಳಿ ನೆಲ ಕೊಟ್ಟು, ಕರೆದಾಗ ಆಯುಧ ಹಿಡಿದು ಬರಬೇಕೆಂದು ಕಟ್ಟು ಮಾಡುತ್ತಿದ್ದರು. ಹೀಗೆ ನೆಲ ಉಂಡು ಕಾವಲು, ಕಾಳಗಗಳ ಸೇವೆ ಸಲ್ಲಿಸುತ್ತಿದ್ದವರಿಗೆ ಕಟ್ಟುಬಡಿ ಎಂಬ ಹೆಸರಿತ್ತು. ಮೈಸೂರು ಸಂಸ್ಥಾನದ ಕಂದಾಚಾರದವರೂ ಇಂಥವರೇ. ಬೇಸಾಯದ ಕಾಲದಲ್ಲಿ ರೈತರು, ಕರೆ ಬಂದರೆ ಸಿಪಾಯಿಗಳು.

ಈ ಏರ್ಪಾಡಿನಲ್ಲಿ ಸೈನಿಕನು ನಿವೃತ್ತನಾಗುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಅವನು ಊರು ಬಿಟ್ಟು ಹೋದವನಲ್ಲ, ಆದ್ದರಿಂದ ಊರಿಗೆ ಮರಳಬೇಕಾದವನೂ ಅಲ್ಲ. ನೆಲ, ಮನೆ, ಸೇವೆ ಮೂರೂ ಒಂದೇ ಊರಿನಲ್ಲಿದ್ದವು. ಆದರೆ ನೆಲವು ಸೇವೆಗೆ ಕಟ್ಟುಬಿದ್ದಿತ್ತು. ಸೇವೆ ತಪ್ಪಿದರೆ ನೆಲವೂ ತಪ್ಪುವ ಭಯ ಇದ್ದೇ ಇತ್ತು.

ಮನ್ರೋ ಅಳೆದದ್ದು ಹೊಲವನ್ನು

1799ರಲ್ಲಿ ಟಿಪ್ಪು ಸುಲ್ತಾನನ ಪತನವಾಯಿತು. 1800ರ ಅಕ್ಟೋಬರಿನ ಒಪ್ಪಂದದಂತೆ ಹೈದರಾಬಾದಿನ ನಿಜಾಮನು ಬಳ್ಳಾರಿ, ಕಡಪ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 'ದತ್ತ ಮಂಡಲ'ಗಳೆಂದು ಹೆಸರಾದ ಈ ಸೀಮೆಗೆ ಮುಖ್ಯ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಅವನು ಬಂದಾಗ ದತ್ತ ಮಂಡಲಗಳಲ್ಲಿ ಸುಮಾರು 80 ಮಂದಿ ಪಾಳೆಯಗಾರರೂ ಅವರ ಅಧೀನದಲ್ಲಿ ಸುಮಾರು 30,000 ಶಸ್ತ್ರಸಜ್ಜಿತ ಆಳುಗಳೂ ಇದ್ದರೆಂದು ಕಂಪನಿಯ ದಾಖಲೆಗಳು ಹೇಳುತ್ತವೆ.

ಪಾಳೆಯಗಾರರ ದಂಡುಗಳನ್ನು ಮುರಿಯುವುದು ಮನ್ರೋನ ಮೊದಲ ಕೆಲಸವಾಯಿತು. ಆಯುಧ ಕಳೆದುಕೊಂಡ ಸಾವಿರಾರು ಜನರಿಗೆ ಬದುಕಿನ ದಾರಿ ತೋರದಿದ್ದರೆ ಅವರು ದಾರಿಗಳ್ಳತನಕ್ಕೆ ಇಳಿಯುತ್ತಾರೆಂಬ ಆತಂಕ ಅಂದಿನ ಎಲ್ಲ ಆಡಳಿತಗಾರರದೂ ಆಗಿತ್ತು. ಮೈಸೂರಿನಲ್ಲಿ ದಿವಾನ್ ಪೂರ್ಣಯ್ಯ ಕಂದಾಚಾರವನ್ನು ಉಳಿಸಿಕೊಂಡದ್ದರ ಹಿಂದೆಯೂ ಇದೇ ಲೆಕ್ಕಾಚಾರವಿತ್ತು. ದತ್ತ ಮಂಡಲಗಳಲ್ಲಿ ಕಟ್ಟುಬಡಿಗಳ ಇನಾಮು ನೆಲಗಳು ಮುಂದುವರಿದವು. 1858ರಲ್ಲಿ ಮದರಾಸು ಸರಕಾರ ನೇಮಿಸಿದ ಇನಾಂ ಕಮಿಷನ್ ಇಂಥ ನೆಲಗಳ ವಿಚಾರಣೆ ನಡೆಸಿತು. ಸರಕಾರಕ್ಕೆ ಬೇಡವಾದ ಸೇವೆಗಳನ್ನು ರದ್ದುಮಾಡಿ, ಸ್ವಲ್ಪ ಕಂದಾಯ ವಿಧಿಸಿ, ನೆಲವನ್ನು ಉಳುತ್ತಿದ್ದವರ ಸ್ವಂತಕ್ಕೆ ಬಿಡುವ ಕ್ರಮ ಜಾರಿಗೆ ಬಂತು. ಸೈನಿಕನ ಉಂಬಳಿ ಹೀಗೆ ರೈತನ ಪಟ್ಟಾ ಆಯಿತು.

ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದದ್ದು ಮನ್ರೋ ಮಾಡಿಸಿದ ಮೋಜಣಿ. 1802ರಲ್ಲಿ ಕೆಲವೇ ಗುಮಾಸ್ತರಿಂದ ಆರಂಭವಾದ ಈ ಕೆಲಸ 1805ರ ವೇಳೆಗೆ ದತ್ತ ಮಂಡಲಗಳ ಉದ್ದಗಲಕ್ಕೂ ಹರಡಿತು. ಅಳತೆಗೆ ಬಳಸಿದ್ದು 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೆಂದರೆ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ಇಂದಿಗೂ ನಮ್ಮ ರೈತರು ಹೇಳುವ ಗುಂಟೆ, ಎಕರೆಗಳ ಲೆಕ್ಕ ಇದೇ. ಮನ್ರೋನ ಹೆಸರಿನೊಡನೆ ಬೆಸೆದುಕೊಂಡ ರೈತವಾರಿ ಪದ್ಧತಿ ಈ ಅಳತೆಯ ಮೇಲೆ ನಿಂತಿತು. ಪ್ರತಿ ಹೊಲಕ್ಕೆ ಒಂದು ನಂಬರು, ಪ್ರತಿ ನಂಬರಿಗೆ ಒಬ್ಬ ರೈತ, ಪ್ರತಿ ರೈತನಿಗೆ ಇಂತಿಷ್ಟು ಕಂದಾಯ.

ಅಳೆದದ್ದು ಕಂದಾಯಕ್ಕಾಗಿ. ಬೆಳೆ ಬರುವ ಹೊಲದಿಂದ ಕಂದಾಯ ಬರುತ್ತದೆ. ಜನ ವಾಸಿಸುವ ಊರ ಒಳಗಿನ ನೆಲದಿಂದ ಭೂಕಂದಾಯ ಬರುವುದಿಲ್ಲ. ಆದ್ದರಿಂದ ರೈತವಾರಿ ದಾಖಲೆಗಳಲ್ಲಿ ಹೊಲ ಹೊಲಕ್ಕೂ ನಂಬರು ಬಿತ್ತು. ಊರಿನ ಮನೆಗಳಿದ್ದ ಜಾಗ ಮಾತ್ರ ಒಟ್ಟಾಗಿ 'ಗ್ರಾಮಠಾಣಾ' ಎಂದು ಒಂದೇ ತುಂಡಾಗಿ ಉಳಿಯಿತು. ಇಂಥವನ ಮನೆ ಇಷ್ಟು ಅಡಿ ಉದ್ದ, ಇಷ್ಟು ಅಡಿ ಅಗಲ, ಮೂಡಲಿಗೆ ಇಂಥವನ ಗೋಡೆ ಎಂಬ ವಿವರ ಕಂದಾಯದ ಪುಸ್ತಕಕ್ಕೆ ಬರಲೇ ಇಲ್ಲ. ತಲೆಮಾರುಗಳಿಂದ ವಾಸವಿದ್ದೇವೆಂಬ ಊರವರ ಅರಿವೇ ಮನೆಯ ಹಕ್ಕಿಗೆ ಆಧಾರವಾಯಿತು. ಅಂದು ಇದು ಕೊರತೆಯೆಂದು ಯಾರಿಗೂ ತೋರಲಿಲ್ಲ. ಮನೆಯನ್ನು ಯಾರೂ ಮಾರುತ್ತಿರಲಿಲ್ಲ, ಅಡವಿಡುತ್ತಲೂ ಇರಲಿಲ್ಲ. ಎರಡು ಶತಮಾನಗಳ ನಂತರ ಇದೇ ಕೊರತೆ ಸಿಪಾಯಿಯ ಮನೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಲಿತ್ತು.

ನೆಲದಿಂದ ಹಣಕ್ಕೆ, ಹಣದಿಂದ ಸಾಲಕ್ಕೆ

ಸೈನಿಕನ ಋಣ ತೀರಿಸುವ ಬಗೆ ಬದಲಾದದ್ದು ನಮ್ಮಲ್ಲಿ ಮಾತ್ರವಲ್ಲ. ಪ್ರಾಚೀನ ರೋಮಿನಲ್ಲಿ ಅಗಸ್ಟಸ್ ಚಕ್ರವರ್ತಿ ಮೊದಲು ನಿವೃತ್ತ ಯೋಧರಿಗೆ ಜಮೀನು ಕೊಳ್ಳುತ್ತಿದ್ದ. ನೆಲ ಹೊಂದಿಸುವುದು ಕಷ್ಟವಾದಂತೆ ಕ್ರಿ.ಶ. 6ರಲ್ಲಿ ಸೈನಿಕರಿಗಾಗಿಯೇ ಪ್ರತ್ಯೇಕ ಖಜಾನೆ ತೆರೆದು, ಅವಧಿ ಮುಗಿಸಿದ ಸಾಮಾನ್ಯ ಯೋಧನಿಗೆ 12,000 ಸೆಸ್ಟರ್ಸ್ ನಗದು ಕೊಡುವ ವ್ಯವಸ್ಥೆ ಮಾಡಿದ. ಇದು ಅವನ ಸುಮಾರು ಹದಿಮೂರು ವರ್ಷಗಳ ವೇತನಕ್ಕೆ ಸಮ. ಆ ಹಣವನ್ನು ಪಡೆಯಲು ಅವನು ಇಪ್ಪತ್ತು ವರ್ಷ ದುಡಿಯಬೇಕಿತ್ತು.

ಮೊದಲ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ವೀರರಿಗೆ ತಕ್ಕ ದೇಶ ಕಟ್ಟುವ ಮಾತಾಡಿದರು. 1919ರ ವಸತಿ ಕಾಯ್ದೆ ಅದರ ಫಲ. ಐದು ಲಕ್ಷ ಮನೆಗಳ ಗುರಿ ಇಟ್ಟುಕೊಂಡ ಆ ಯೋಜನೆಗೆ 1921ರಲ್ಲೇ ಹಣ ಕಡಿತವಾಯಿತು. ಗುರಿಯ ಅರ್ಧದಷ್ಟು ಮನೆಗಳೂ ಏಳಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಬೇರೆ ಮಾರ್ಗ ಹಿಡಿಯಿತು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾನೂನಿನಂತೆ ಸರಕಾರ ಮನೆಯನ್ನೂ ಕೊಡಲಿಲ್ಲ, ಹಣವನ್ನೂ ಕೊಡಲಿಲ್ಲ. ಮಾಜಿ ಸೈನಿಕನು ಮನೆಗಾಗಿ ಬ್ಯಾಂಕಿನಿಂದ ಪಡೆಯುವ ಸಾಲಕ್ಕೆ ತಾನೇ ಜಾಮೀನು ನಿಂತಿತು. ಕೈಯಿಂದ ಮುಂಗಡ ಹಾಕಲಾಗದವನಿಗೂ ಇದರಿಂದ ಸಾಲ ಸಿಕ್ಕಿತು. 1952ರ ವೇಳೆಗೆ ಸುಮಾರು 24 ಲಕ್ಷ ಗೃಹಸಾಲಗಳಿಗೆ ಇಂಥ ಜಾಮೀನು ದೊರೆತಿತ್ತು. ಅಮೆರಿಕದ ಮಧ್ಯಮ ವರ್ಗ ಬೆಳೆದು ನಿಲ್ಲಲು ಇದೂ ಒಂದು ಕಾರಣವೆನ್ನುತ್ತಾರೆ.

ಆದರೆ ಆ ಕಥೆಗೆ ಇನ್ನೊಂದು ಮುಖವಿದೆ. ಜಾಮೀನು ಸರಕಾರದ್ದಾದರೂ ಸಾಲ ಕೊಡುವುದು ಬಿಡುವುದು ಬ್ಯಾಂಕಿನ ಕೈಯಲ್ಲಿತ್ತು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ 13 ನಗರಗಳಲ್ಲಿ ನಡೆದ ಸಮೀಕ್ಷೆಯೊಂದರ ಪ್ರಕಾರ ಮಾಜಿ ಸೈನಿಕರಿಗೆ ಮನೆ, ವ್ಯಾಪಾರ, ಬೇಸಾಯಕ್ಕೆಂದು ಸಿಕ್ಕ 3,229 ಸಾಲಗಳಲ್ಲಿ ಕಪ್ಪು ಜನಾಂಗದ ಸೈನಿಕರಿಗೆ ದೊರೆತದ್ದು ಎರಡು ಮಾತ್ರ. ಸವಲತ್ತು ಯಾರ ಕೈ ದಾಟಿ ಬರುತ್ತದೆಯೋ ಅವರ ಷರತ್ತುಗಳನ್ನೂ ಹೊತ್ತು ಬರುತ್ತದೆ ಎಂಬುದು ಇಲ್ಲಿಂದ ಕಲಿಯಬೇಕಾದ ಪಾಠ. ನಮ್ಮಲ್ಲಿ ಆ ಷರತ್ತು ಬಣ್ಣದ್ದಲ್ಲ, ಕಾಗದಪತ್ರದ್ದು.

ಸ್ವಾತಂತ್ರ್ಯಾನಂತರ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. 2021ರಿಂದ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳೆಲ್ಲ ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆ ಬದಲಾದರೂ ಸೈನಿಕನಿಗೆ ನೆಲ ಕೊಡುವ ಹಳೆಯ ವಿಚಾರ ಕಾನೂನಿನಲ್ಲಿ ಮುಂದುವರಿಯಿತು. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳು ಹಂಚಿಕೆಗೆ ಸಿಗುವ ಸರಕಾರಿ ಜಮೀನಿನಲ್ಲಿ ಶೇಕಡ 10ರಷ್ಟನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ ಮೀಸಲಿಟ್ಟವು. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನು ಅಳಿಸಿಹಾಕಿದಾಗಲೂ ಸೈನಿಕನಿಗೆ ಮತ್ತು ನಾವಿಕನಿಗೆ ವಿನಾಯಿತಿ ಕೊಡಲಾಯಿತು. ಗಡಿಯಲ್ಲಿರುವವನು ತನ್ನ ಹೊಲವನ್ನು ತಾನೇ ಉಳಲಾರ, ಅವನು ಗೇಣಿಗೆ ಕೊಟ್ಟ ಮಾತ್ರಕ್ಕೆ ನೆಲ ಕಳೆದುಕೊಳ್ಳಬಾರದು ಎಂಬ ನ್ಯಾಯ ಅದರ ಹಿಂದಿತ್ತು.

ಆದರೆ ಶೇಕಡ 10 ಎನ್ನುವಾಗ ಯಾವುದರಲ್ಲಿ ಶೇಕಡ 10 ಎಂದು ಕೇಳಬೇಕಾಗುತ್ತದೆ. ಹಂಚಲು ಸರಕಾರಿ ಜಮೀನು ಇದ್ದಾಗ ಮಾತ್ರ ಮೀಸಲಾತಿಗೆ ಅರ್ಥ. ಗೋಮಾಳ, ಅರಣ್ಯ, ಸಾಗುವಳಿಯಾದ ನೆಲಗಳನ್ನು ಬಿಟ್ಟರೆ ಮಂಜೂರು ಮಾಡಲು ಉಳಿಯುವುದು ದಿನೇ ದಿನೇ ಕಡಿಮೆಯಾಗುತ್ತಿದೆ. ಆದ್ದರಿಂದ ಇಲ್ಲಿಯೂ ಸವಲತ್ತು ನೆಲದಿಂದ ಮನೆಯ ಕಡೆಗೆ, ಸಾಲದ ಕಡೆಗೆ ಹೊರಳಿತು. 1978ರಲ್ಲಿ ಭೂಸೇನೆಯ ವಸತಿ ಸಂಸ್ಥೆ ಸ್ಥಾಪನೆಯಾಯಿತು. 1980ರಲ್ಲಿ ವಾಯುಪಡೆ ಮತ್ತು ನೌಕಾಪಡೆಯವರಿಗಾಗಿ ಪ್ರತ್ಯೇಕ ವಸತಿ ಮಂಡಳಿ ಬಂತು. ಲಾಭ ನಷ್ಟವಿಲ್ಲದ ಲೆಕ್ಕದಲ್ಲಿ ಮನೆ ಕಟ್ಟಿಸಿ ಸೇನೆಯವರಿಗೆ ಹಂಚುವುದು ಅವುಗಳ ಕೆಲಸ. ಸೇನೆಯ ಗುಂಪು ವಿಮಾ ನಿಧಿಯಿಂದ ಮನೆ ಕಟ್ಟಲು ಮುಂಗಡ ದೊರೆಯುತ್ತದೆ. ಸೈನಿಕರಿಗೆಂದೇ ಗೃಹಸಾಲ ಯೋಜನೆಗಳನ್ನು ಮಾಡಿದ ಬ್ಯಾಂಕುಗಳೂ ಇವೆ.

ಇವೆಲ್ಲ ಒಳ್ಳೆಯವೇ. ಆದರೆ ವಸತಿ ಸಂಸ್ಥೆಗಳ ಬಡಾವಣೆಗಳು ಏಳುವುದು ಬೇಡಿಕೆಯಿರುವ ನಗರಗಳಲ್ಲಿ. ಇಟ್ಟಿಗಿಯಲ್ಲೋ ಉಜ್ಜಿನಿಯಲ್ಲೋ ಹಿರೇಹಡಗಲಿಯಲ್ಲೋ ಮನೆ ಬೇಕೆನ್ನುವ ಸಿಪಾಯಿಗೆ ಅವು ದೂರದ ಮಾತು.

ಇಂದಿನ ಸಿಪಾಯಿಯ ಲೆಕ್ಕ

ಸಾಮಾನ್ಯ ಸಿಪಾಯಿ ಸೇನೆಯಿಂದ ಹೊರಬರುವುದು ಹೆಚ್ಚಾಗಿ 35ರಿಂದ 40ರೊಳಗಿನ ವಯಸ್ಸಿನಲ್ಲಿ. ಅಷ್ಟರಲ್ಲಿ ಮಕ್ಕಳು ಶಾಲೆಯಲ್ಲಿರುತ್ತಾರೆ, ತಂದೆ ತಾಯಿ ಮುಪ್ಪಾಗಿರುತ್ತಾರೆ, ಹಿರಿಯರ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಬೇಕಿರುತ್ತದೆ. ಕೈಗೆ ಬರುವ ಪಿಂಚಣಿ ಕೊನೆಯ ವೇತನದ ಅರ್ಧ. ಮನೆಗೆಂದು 20 ಲಕ್ಷ ರೂಪಾಯಿ ಸಾಲವನ್ನು ಶೇಕಡ 9ರ ಬಡ್ಡಿಗೆ, 15 ವರ್ಷಕ್ಕೆ ಪಡೆದರೆ ತಿಂಗಳ ಕಂತು 20,000 ರೂಪಾಯಿ ದಾಟುತ್ತದೆ. ಎರಡನೆಯ ಉದ್ಯೋಗ ಸಿಗದ ಹೊರತು ಪಿಂಚಣಿಯೊಂದರಿಂದಲೇ ಈ ಭಾರ ಹೊರುವುದು ಕಷ್ಟ.

ಹಾಗಾದರೆ ಬಡವರಿಗಾಗಿ ಇರುವ ಸರಕಾರಿ ವಸತಿ ಯೋಜನೆ? 2016ರಲ್ಲಿ ಆರಂಭವಾದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನೆರವಿದೆ. ಹೋರಾಟದಲ್ಲಿ ಮಡಿದ ಯೋಧರ ಪತ್ನಿಯರಿಗೂ ಹತ್ತಿರದ ಸಂಬಂಧಿಗಳಿಗೂ ಅದರಲ್ಲಿ ಆದ್ಯತೆ ಇದೆ. ಒಂದರ್ಥದಲ್ಲಿ ಇದು ನಮ್ಮ ಕಾಲದ ನೆತ್ತರುಗೊಡಗೆ. ಆದರೆ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಗಳಿಸುವವರಿರುವ ಕುಟುಂಬವನ್ನು ಆ ಯೋಜನೆಯ ಮೂಲ ನಿಯಮ ಹೊರಗಿಟ್ಟಿತ್ತು. 2024ರಲ್ಲಿ ಆ ಮಿತಿ 15,000ಕ್ಕೆ ಏರಿತು. ಪಿಂಚಣಿ ಪಡೆಯುವ ಮಾಜಿ ಸೈನಿಕ ಸಾಮಾನ್ಯವಾಗಿ ಈ ಗೆರೆಯ ಆಚೆಗೆ ನಿಲ್ಲುತ್ತಾನೆ. ಬಡವರ ಪಟ್ಟಿಗೆ ಅವನು ಹೆಚ್ಚಿನವನು, ನಗರದ ಮಾರುಕಟ್ಟೆಗೆ ಕಡಿಮೆಯವನು.

ಉಳಿದದ್ದು ಬ್ಯಾಂಕಿನ ಸಾಲ. ಅಲ್ಲಿ ಮೊದಲು ಕೇಳುವುದು ಜಾಗದ ದಾಖಲೆ. ಹೊಲಕ್ಕಾದರೆ ಪಹಣಿ ಇದೆ, ಆದರೆ ಹೊಲದಲ್ಲಿ ಮನೆ ಕಟ್ಟಲು ಭೂಪರಿವರ್ತನೆ ಆಗಬೇಕು. ಗ್ರಾಮಠಾಣಾದೊಳಗಿನ ಹಿರಿಯರ ಜಾಗಕ್ಕೆ ಪಹಣಿ ಇಲ್ಲ. ಪಂಚಾಯಿತಿಯಲ್ಲಿ ಮನೆಗಂದಾಯ ಕಟ್ಟಿದ ರಸೀದಿ ಇದ್ದೀತು. ಆದರೆ ಅಳತೆ, ಚಕ್ಕುಬಂದಿ, ಹೆಸರು ಮೂರೂ ತಾಳೆಯಾಗುವ ಕಾಗದ ಇಲ್ಲದಿದ್ದರೆ ಅಡಮಾನಕ್ಕೆ ಬ್ಯಾಂಕು ಒಪ್ಪುವುದಿಲ್ಲ. ದೇಶಕ್ಕಾಗಿ ದುಡಿದವನೆಂಬ ಪ್ರಮಾಣಪತ್ರ ಅವನ ಬಳಿ ಇದೆ. ತಾನು ಹುಟ್ಟಿದ ಮನೆ ತನ್ನದೆಂಬ ಪ್ರಮಾಣಪತ್ರ ಇಲ್ಲ. ಮನ್ರೋನ ಸರಪಳಿ ಊರ ಹೊರಗೆ ನಿಂತದ್ದರ ಪರಿಣಾಮ ಎರಡು ನೂರು ವರ್ಷ ದಾಟಿ ಬಂದು ತಟ್ಟುವುದು ಇಲ್ಲಿ.

2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆ ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸಿದೆ. ನಾಲ್ಕು ವರ್ಷಗಳ ಸೇವೆಯ ನಂತರ ನಾಲ್ವರಲ್ಲಿ ಒಬ್ಬರವರೆಗೆ ಮಾತ್ರ ಸೇನೆಯಲ್ಲಿ ಮುಂದುವರಿಯಲು ಅವಕಾಶ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಡನೆ ಮನೆಗೆ ಮರಳುತ್ತಾರೆಂದು ಯೋಜನೆ ಹೇಳಿತು. ಈ ನಿಧಿಯಲ್ಲಿ ಯುವಕನ ವೇತನದಿಂದ ಹಿಡಿದಿಟ್ಟ ಪಾಲು, ಅಷ್ಟೇ ಮೊತ್ತದ ಸರಕಾರದ ಪಾಲು ಮತ್ತು ಬಡ್ಡಿ ಸೇರಿವೆ. ಪಿಂಚಣಿ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನಮಾನವನ್ನೂ ಯೋಜನೆ ಕೊಡಲಿಲ್ಲ. ಕಟ್ಟಡದ ಖರ್ಚು ಚದರಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೂ 600 ಚದರಡಿಯ ಸಣ್ಣ ಮನೆಗೆ 12 ಲಕ್ಷ ಬೇಕು. ನಿಧಿಯೆಲ್ಲ ಗೋಡೆಗೇ ಹೋದರೆ ಮುಂದಿನ ಬದುಕಿಗೆ ಉಳಿಯುವುದೇನು? ಇಪ್ಪತ್ತು ವರ್ಷ ದುಡಿದ ರೋಮಿನ ಯೋಧನನ್ನು ನಾಲ್ಕು ವರ್ಷ ದುಡಿದ ಇಪ್ಪತ್ತೆರಡರ ಹರೆಯದವನೊಡನೆ ಹೋಲಿಸುವುದು ನ್ಯಾಯವಲ್ಲ. ಆದರೂ ಸರಕಾರದ ಋಣ ನೆಲದಿಂದ ಇಡಿಗಂಟಿಗೆ ಬಂದು ನಿಂತ ದಾರಿ ಎರಡೂ ಕಡೆ ಒಂದೇ ಎಂಬುದನ್ನು ಗಮನಿಸಬಹುದು.

ಊರ ಒಳಗಿನ ಅಳತೆ

ಒಂದು ಆಶಾದಾಯಕ ಸಂಗತಿಯನ್ನೂ ಹೇಳಬೇಕು. 2020ರ ಏಪ್ರಿಲ್ 24ರಂದು ಕೇಂದ್ರ ಸರಕಾರ ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಾಸದ ಜಾಗವನ್ನು ಡ್ರೋನ್ ಹಾರಿಸಿ ಅಳೆದು, ಪ್ರತಿ ಮನೆಗೆ ಆಸ್ತಿ ಕಾರ್ಡು ಕೊಡುವ ಗುರಿಯಿದೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಕಾರ್ಡಿನ ಆಧಾರದ ಮೇಲೆ ಬ್ಯಾಂಕಿನ ಸಾಲ ಸಿಗುವಂತಾಗಬೇಕೆಂಬುದು ಯೋಜನೆಯ ಘೋಷಿತ ಉದ್ದೇಶಗಳಲ್ಲಿ ಸೇರಿದೆ. ನಮ್ಮ ರಾಜ್ಯದ ಇ-ಸ್ವತ್ತು ವ್ಯವಸ್ಥೆಯೂ ಪಂಚಾಯಿತಿ ಆಸ್ತಿಗಳಿಗೆ ದಾಖಲೆ ಒದಗಿಸುವ ಪ್ರಯತ್ನವೇ. 1802ರಲ್ಲಿ ಊರ ಹೊರಗೆ ಆರಂಭವಾದ ಅಳತೆ ಇಂತೂ ಊರ ಒಳಗೆ ಕಾಲಿಡುತ್ತಿದೆ.

ಆದರೆ ಅಳತೆಯೊಂದೇ ಸಾಲದು. ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗದೆ ಯಾರ ಹೆಸರಿಗೆ ಕಾರ್ಡು? ಗಂಡ ಗಡಿಯಲ್ಲಿದ್ದಾಗ ಅಳತೆಗೆ ಬಂದವರ ಎದುರು ಹೆಂಡತಿಯ ಮಾತಿಗೆ ಬೆಲೆ ಎಷ್ಟು? ಸೈನಿಕರ ಮನೆಗಳ ದಾಖಲೆಗಳನ್ನು ಅವರು ಸೇವೆಯಲ್ಲಿರುವಾಗಲೇ ಸರಿಪಡಿಸಿಕೊಡಲು ಪಂಚಾಯಿತಿ ಮತ್ತು ಸೈನಿಕ ಕಲ್ಯಾಣ ಇಲಾಖೆಗಳು ಕೈಜೋಡಿಸಿದರೆ, ಹೊಸದಾಗಿ ಹಣ ಸುರಿಯದೆಯೇ ಎಷ್ಟೋ ಕುಟುಂಬಗಳಿಗೆ ಸಾಲದ ಬಾಗಿಲು ತೆರೆದೀತು. ಸಿಪಾಯಿಯ ಸಾಲಕ್ಕೆ ಸರಕಾರವೇ ಜಾಮೀನು ನಿಲ್ಲುವ ವಿಚಾರವೂ ನಮ್ಮಲ್ಲಿ ಚರ್ಚೆಯಾಗಬೇಕಾದದ್ದೇ.

ಹತ್ತನೆಯ ಶತಮಾನದ ಅರಸನಿಗೆ ಡ್ರೋನ್ ಇರಲಿಲ್ಲ, ಬ್ಯಾಂಕೂ ಇರಲಿಲ್ಲ. ಆದರೆ ಒಂದು ವಿಷಯ ಅವನಿಗೆ ತಿಳಿದಿತ್ತು. ಕೊಟ್ಟದ್ದು ದಕ್ಕಬೇಕಾದರೆ, ಯಾರಿಗೆ ಕೊಟ್ಟದ್ದು, ಎಲ್ಲಿ ಕೊಟ್ಟದ್ದು ಎಂಬುದು ಊರಿನವರೆಲ್ಲ ಓದುವಂತೆ ಬರೆದಿರಬೇಕು. ಸೈನಿಕನ ಋಣವನ್ನು ಸಾಲದ ರೂಪದಲ್ಲಿ ತೀರಿಸಲು ಹೊರಟಿರುವ ನಾವು ಕನಿಷ್ಠ ಅವನ ಮನೆಯ ಜಾಗ ಅವನದೆಂದು ಬರೆದುಕೊಡುವಷ್ಟನ್ನಾದರೂ ಮೊದಲು ಮಾಡಬೇಕಾಗಿದೆ.